ಉಬ್ಬು

ಉಪ್ಪಳ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ
ಪಂಕ್ಚರು ಹಾಕುತ್ತಿದ್ದೇನೆ. ಟ್ಯೂಬನ್ನು
ನೀರಿನ ಬಾಣಲೆಯಲ್ಲಿ ಮುಳುಗಿಸಿ ತಿರುಗಿಸಿದರೆ
ಗುಳ್ಳೆ ಬಂದಲ್ಲಿ ತೂತು.
ಗುಳ್ಳೆ ಬಾರದೆ ಬರೀ ಉಬ್ಬಿದ್ದರೆ
ಅದು ತೂತಿಗಿಂತ ಕೆಟ್ಟದ್ದು.
ಗಿರಾಕಿಗೆ ಹೇಳುತ್ತೇನೆ: ಇದನ್ನು ನಂಬಬೇಡಿ, ಹೊಸತು ಹಾಕುವ.

ಮಂಗಳೂರಿನ ಡಾಕ್ಟರು ಪರದೆಗೆ ಪೆನ್ನಿಟ್ಟು
ಲೋಲಾಕ್ಷಿಯ ತಲೆಯೊಳಗಿನ ನಾಳ ತೋರಿಸಿದಾಗ
ಬಿಡಿಸಿ ಹೇಳಬೇಕಾಗಲಿಲ್ಲ.
ಕವಲೊಡೆಯುವಲ್ಲಿ ಗೋಡೆ ಸವೆದು
ಕುಂಟಲ ಹಣ್ಣಿನಷ್ಟು ಉಬ್ಬು.
ಹೊಸತು ಹಾಕಲು ಬರುವುದಿಲ್ಲವಾ, ಎಂದೆ.
ಅವರು ನಗಲಿಲ್ಲ.
ಅದಕ್ಕೇ ಅವರ ಮೇಲೆ ನಂಬಿಕೆ ಬಂತು.

ಒಡೆದದ್ದು ಮಂಗಳವಾರ, ಅಕ್ಷಯ ಕೇಂದ್ರದಲ್ಲಿ.
ಯಾರದೋ ಪಿಂಚಣಿಯ ಅರ್ಜಿ ತುಂಬುತ್ತಿದ್ದವಳು
ಹಿಂದಿನಿಂದ ಯಾರೋ ಹೊಡೆದರು ಎಂದು ತಿರುಗಿ ನೋಡಿದಳಂತೆ.
ಹಿಂದೆ ಗೋಡೆ ಮಾತ್ರ, ಗೋಡೆಯಲ್ಲಿ ಕ್ಯಾಲೆಂಡರು.

ಎರಡು ದಾರಿ, ಅಂದರು ಡಾಕ್ಟರು.
ತೊಡೆಸಂದಿನಿಂದ ತಂತಿ ಏರಿಸಿ
ಉಬ್ಬಿನೊಳಗೆ ಪ್ಲಾಟಿನಂ ಎಳೆಯನ್ನು ಸುರುಳಿ ಸುರುಳಿಯಾಗಿ ತುಂಬುವುದು;
ಬುರುಡೆ ಮುಟ್ಟುವುದಿಲ್ಲ, ಬೇಗ ಏಳುತ್ತಾಳೆ,
ಸುರುಳಿ ಕುಗ್ಗಿದರೆ ಮಾತ್ರ ಮತ್ತೆ ಬರಬೇಕು.
ಇಲ್ಲವೇ ಎಲುಬು ತೆಗೆದು ಉಬ್ಬಿನ ಕೊರಳಿಗೇ ಕ್ಲಿಪ್ಪು.
ಬಟ್ಟೆ ಒಣಗಹಾಕುವಂಥದ್ದೇ, ಟೈಟೇನಿಯಂನದ್ದು.
ಇವರದಕ್ಕೆ ಕೊರಳು ಅಗಲ, ಸುರುಳಿ ನಿಲ್ಲಲಿಕ್ಕಿಲ್ಲ.

ಭಾವ ಲೆಕ್ಕದವನು. ನೂರಕ್ಕೆ ಎಷ್ಟು, ಎಂದು ಕೇಳಿದ.
ಒಡೆದವರಲ್ಲಿ ಹೆಚ್ಚುಕಮ್ಮಿ
ಮೂವರಲ್ಲಿ ಒಬ್ಬರು ಹೋಗುತ್ತಾರೆ,
ಒಬ್ಬರು ಮೊದಲಿನ ಹಾಗೆ ಇರುವುದಿಲ್ಲ,
ಒಬ್ಬರು ನಡೆದುಕೊಂಡು ಮನೆಗೆ.
ಹೊರಗೆ ಬೆಂಚಿನ ಮೇಲೆ ನಾವು ಮೂವರೇ ಇದ್ದೆವು,
ನಾನು, ಭಾವ, ಮಗಳು ಪ್ರಜ್ವಲಾ.
ಒಬ್ಬರನ್ನೊಬ್ಬರು ನೋಡಲಿಲ್ಲ.

ಕ್ಲಿಪ್ಪು ಕೂತಿತು. ಆದರೂ ಹದಿನಾಲ್ಕು ದಿನ ಹೇಳಲಾಗದು ಅಂದರು,
ಚೆಲ್ಲಿದ ರಕ್ತಕ್ಕೆ ಬೆದರಿ ನಾಳಗಳು ಸೆಟೆದುಕೊಳ್ಳುತ್ತವಂತೆ.
ರಕ್ತಕ್ಕೆ ರಕ್ತನಾಳವೇ ಹೆದರುವುದು!
ನಾನು ಬೀಡಿ ಬಿಟ್ಟೆ. ಯಾರೂ ಹೇಳಿರಲಿಲ್ಲ.

ಹನ್ನೊಂದನೆಯ ದಿನ ಕಣ್ಣು ತೆರೆದು
'ವೆಳ್ಳಂ' ಅಂದಳು.
ಕೋಟ್ಟಯದ ನರ್ಸಿಗೆ ಖುಷಿಯೋ ಖುಷಿ.
ನಮ್ಮ ಮನೆಯಲ್ಲಿ ಯಾರೂ ನೀರನ್ನು ಹಾಗೆ ಕೇಳಿದವರಲ್ಲ.
ಮಲಯಾಳ ಬಾರದವರಿಗೆ ಮಲಯಾಳದಲ್ಲಿ ಬರೆದುಕೊಟ್ಟು
ಅರ್ಜಿಗೆ ಇಪ್ಪತ್ತು ರೂಪಾಯಿ ಪಡೆಯುತ್ತಿದ್ದಳಲ್ಲ,
ಆ ಕಚೇರಿಯ ಭಾಷೆ ಮೊದಲು ಮರಳಿತು.
ತುಳು ಒಂದು ವಾರ ತಡೆದು, ಮಗಳಿಗೆ ಬಯ್ಯುವುದಕ್ಕೆ.
ಕನ್ನಡ ಬರಲಿಲ್ಲ.
ಅವಳು ಶಾಲೆಯಲ್ಲಿ ಓದಿದ್ದು, ಪದ್ಯ ಬಾಯಿಪಾಠ ಮಾಡಿ ಬಹುಮಾನ ತಂದದ್ದು,
ನನಗೆ ಬರೆದ ಒಂದೇ ಒಂದು ಕಾಗದದ್ದು.
ಅಕ್ಷರ ಕಂಡರೆ ಬೆರಳು ಗಾಳಿಯಲ್ಲಿ ತಿದ್ದುತ್ತದೆ,
ಬಾಯಿ ಸುಮ್ಮನೆ ತೆರೆದಿರುತ್ತದೆ.

ಇನ್ನೊಂದುಂಟು. ಬಲಗಡೆ, ಮೂರು ಮಿಲಿಮೀಟರು.
ಮುಟ್ಟುವ ಅಪಾಯ ಬಿಡುವ ಅಪಾಯಕ್ಕಿಂತ ದೊಡ್ಡದು, ಅಂದರು,
ಮಾತ್ರೆ ತಪ್ಪಿಸಬೇಡಿ, ವರ್ಷಕ್ಕೊಮ್ಮೆ ಬನ್ನಿ, ನೋಡುವ.
ನೋಡುವ!
ಇಪ್ಪತ್ತೆರಡು ವರ್ಷದಲ್ಲಿ ನಾನು ಯಾರಿಗೂ
ಉಬ್ಬು ತೋರಿಸಿ ಹಾಗೆ ಹೇಳಿದವನಲ್ಲ.
ರಾತ್ರಿ ಅವಳು ಮಗ್ಗುಲಾದರೆ
ಕಿವಿಯ ಮೇಲಿನ ಗೆರೆ ಬೆಳಕಿಗೆ ಕಾಣುತ್ತದೆ.
ಕಾಣುವ ಗೆರೆಗೆ ನಾನು ಹೆದರುವುದಿಲ್ಲ.

ಈಗ ಮಧ್ಯಾಹ್ನ ಅಂಗಡಿಗೆ ಬರುತ್ತಾಳೆ.
ಹಳೆ ಟಯರಿನ ಮೇಲೆ ಕೂತು ಹೆದ್ದಾರಿ ನೋಡುತ್ತಾಳೆ.
ಕಾಸರಗೋಡಿನಿಂದ ಬರುವ ಕರ್ನಾಟಕದ ಬಸ್ಸಿಗೆ
ಹಣೆಯಲ್ಲಿ ಕನ್ನಡದ ಬೋರ್ಡು.
ಮಂ, ಅನ್ನುತ್ತಾಳೆ. ಮಂ... ಗ.
ಬಸ್ಸು ದಾಟಿತು.
ಮಂಗ ಬಂತು, ಊರು ಬರಲಿಲ್ಲ, ಎಂದು ತುಳುವಿನಲ್ಲಿ ಹೇಳಿ
ಅವಳೇ ನಗುತ್ತಾಳೆ.
ನಾನು ಪಂಪು ಒತ್ತುವುದನ್ನು ನಿಲ್ಲಿಸುವುದಿಲ್ಲ.
ಹತ್ತು ನಿಮಿಷಕ್ಕೆ ಇನ್ನೊಂದುಂಟು, ಅನ್ನುತ್ತೇನೆ.