ಹಲ್ಲು ತಾಗದಂತೆ

ಮುದ್ದೆ ಅಗಿಯುವವರನ್ನು ಕಂಡರೆ ನಮ್ಮೂರಲ್ಲಿ ನಗುತ್ತಾರೆ.
ಮುರಿದು, ಉರುಟಿ, ಸೊಪ್ಪಿನ ಸಾರಲ್ಲಿ ಹೊರಳಿಸಿ
ಒಂದೇ ಗುಕ್ಕಿಗೆ ಒಳಗೆ.
ಅದರ ರುಚಿ ಗೊತ್ತಿರುವುದು ಗಂಟಲಿಗೆ, ನಾಲಗೆಗಲ್ಲ.

ಅದಕ್ಕೇ ಇರಬೇಕು, ಜಪಮಾಲೆ ಅಜ್ಜಿ
ಪರಮಪ್ರಸಾದದ ಪಾಠ ಹೇಳಿದ್ದು ಒಲೆಯ ಮುಂದೆ.
"ಕಚ್ಬ್ಯಾಡ ಕನವ್ವ. ಹಲ್ಲು ತಾಗದಂಗೆ ನುಂಗು.
ಯೇಸುಸ್ವಾಮಿಗೆ ನೋವಾಯ್ತದೆ."
ಎಂಟು ವರ್ಷದ ನಾನು ಮುದ್ದೆಯ ಗೋಲಿಗಳನ್ನು
ಕಣ್ಣು ಮುಚ್ಚಿ, ಕೈಮುಗಿದು ನುಂಗಿ ಅಭ್ಯಾಸ ಮಾಡಿದೆ,
ತುತ್ತಿಗೊಂದು ಆಮೆನ್.
ಒಮ್ಮೆ ಬಿಕ್ಕಳಿಕೆ ಬಂದು ಆಮೆನ್ ಎರಡು ಹೋಳಾಯಿತು.
ಅಜ್ಜಿ ನಕ್ಕು ನೀರು ಕೊಟ್ಟಳು.

ಈಗ ಮಂಡ್ಯದ ಕಾನ್ವೆಂಟಿನ ಹಿಂದಣ ಕೋಣೆಯಲ್ಲಿ
ಓಸ್ತಿ ಸುಡುವುದು ನನ್ನ ಕೆಲಸ, ತಿಂಗಳ ಸಂಬಳಕ್ಕೆ.
ಗೋಧಿಹಿಟ್ಟು, ನೀರು. ಉಪ್ಪಿಲ್ಲ, ಹುಳಿಯಿಲ್ಲ.
ಎರಡು ಕಬ್ಬಿಣದ ಹಲಗೆಗಳ ನಡುವೆ ಉಸ್ಸೆಂದು
ಹಪ್ಪಳದಷ್ಟು ತೆಳ್ಳಗಾಗುತ್ತದೆ, ಮೇಲೊಂದು ಶಿಲುಬೆಯ ಗೀರು.
ಕಬ್ಬು ಅರೆಯುವ ತಿಂಗಳಲ್ಲಿ ಕಾರ್ಖಾನೆಯ ಕಾಕಂಬಿ ವಾಸನೆ
ಕಿಟಕಿಯಿಂದ ಬಂದು ಅದರ ಮೇಲೆ ಕೂರುತ್ತದೆ.
ಆ ದಿನಗಳ ದೇವರು ಸ್ವಲ್ಪ ಸಿಹಿ.
ದುಂಡಗೆ ಕತ್ತರಿಸಿದ ಮೇಲೆ ಜಾಲರಿಯಂತೆ ಉಳಿದ ಅಂಚು
ಪೇಪರಿನ ಪೊಟ್ಟಣದಲ್ಲಿ, ಜ್ಞಾನೋಪದೇಶದ ಮಕ್ಕಳಿಗೆ.
ಅವರು ಕಟಕಟ ಕಡಿಯುತ್ತಾರೆ.
ದುಂಡಗಿರುವುದಕ್ಕೆ ಮಂಡಿಯೂರಬೇಕು, ಅಂಚಿಗೆ ಬೇಡ.
ಹಿಟ್ಟು ಒಂದೇ.

"ರಾಗಿಯಲ್ಲಿ ಮಾಡಿದರೆ ಬರುವುದಿಲ್ಲವೇ?" ಎಂದು ಕೇಳಿದ್ದೆ.
"ಗೋಧಿಯೇ ಆಗಬೇಕು, ಕಟ್ಟಳೆ" ಎಂದರು ಸಿಸ್ಟರ್ ಲಿಗೋರಿಯಾ.
ಅಜ್ಜಿಗೆ ಹೇಳಿದೆ. "ಇರ್ಲಿ ಬುಡು" ಎಂದಳು,
"ನೆಂಟ್ರ ಮನೇಲಿ ಕೊಟ್ಟಿದ್ದ ಉಣ್ಬೇಕು."

ಆಮೇಲೆ, ನಾನು ಕೇಳದಿದ್ದರೂ, ಹೇಳಿದಳು:
ನಾಟಿಯ ದಿನ ಗದ್ದೆಯ ಬದುವಿನ ಮೇಲೆ ನಿಂತು
ಪಟೇಲರ ಮನೆಯ ಹೆಂಗಸು ಮುದ್ದೆಯನ್ನು
ಮೊಳದೆತ್ತರದಿಂದ ಬಿಡುತ್ತಿದ್ದಳಂತೆ, ಇವಳು ಒಡ್ಡಿದ ಸೆರಗಿಗೆ.
ಥಪ್ಪೆಂದು ಸದ್ದು. ಮಡಿಲು ಸುಡುವ ಬಿಸಿ.
ನೀರೂ ಹಾಗೆಯೇ, ಬೊಗಸೆಗೆ, ಮೇಲಿನಿಂದ.
"ಬಾನುವಾರ ಮಾತ್ರ ಕನವ್ವ, ಆ ಬಿಳೀ ಪಾದ್ರಿ
ಬಗ್ಗಿ ನನ್ ನಾಲ್ಗೆ ಮ್ಯಾಲೆ ಮಡಗೋರು.
ಬೆಳ್ಳು ತುಟಿಗೆ ತಾಕೋದು. ಒರೆಸ್ಕತಿರ್ಲಿಲ್ಲ.
ಅದೇ ಬೆಳ್ಳು ಪಕ್ಕದೋಳ ಬಾಯ್ಗೂ ಹೋಗೋದು."
ಅಷ್ಟಕ್ಕೇ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಿದಳು.

ಬಲಿಪೂಜೆಯ ಅರ್ಥವನ್ನು ಉಪದೇಶಿ ಇನ್ನಾಸಪ್ಪನವರು
ಕರಿಹಲಗೆಯ ಮೇಲೆ ಮೂರು ಪಾಯಿಂಟು ಮಾಡಿ ಬರೆಸಿದ್ದರು.
ನನಗೆ ಒಂದೂ ನೆನಪಿಲ್ಲ.

ಬೂದಿ ಬುಧವಾರ ಕಳೆದ ಶುಕ್ರವಾರ
ಫಾದರ್ ಮನೆಗೇ ತಂದರು, ಎದೆಜೇಬಿನ ಪುಟ್ಟ ಡಬ್ಬಿಯಲ್ಲಿ.
ಅಜ್ಜಿಯ ಬಲಗಡೆ ಬಿದ್ದುಹೋಗಿ ಮೂರು ವಾರ.
ಹಲ್ಲಿನ ಸೆಟ್ಟು ಲೋಟದಲ್ಲಿ.
ನಾನೇ ಸುಟ್ಟ ಓಸ್ತಿಯ ಉಗುರಿನಷ್ಟು ಚೂರು
ಚಮಚದ ನೀರಲ್ಲಿ ನೆನೆದು ನಾಲಗೆಗೆ ಹೋಯಿತು.
ಅವಳು ನೋಡಿದಳು, ನುಂಗಲು ನೋಡಿದಳು.
ಜೀವಮಾನವಿಡೀ ಮುದ್ದೆ ಇಳಿಸಿದ ಗಂಟಲು
ಇಷ್ಟಕ್ಕೆ ಬಾಗಿಲು ತೆಗೆಯಲಿಲ್ಲ.
ಚೂರು ಹಿಂದಕ್ಕೆ ಬಂದು, ಜೊಲ್ಲಿನೊಂದಿಗೆ,
ತುಟಿಯ ಓರೆಯಲ್ಲಿ ನಿಂತಿತು.
ಫಾದರ್ ನೀರಿನ ಬಟ್ಟಲು ಹುಡುಕಿದರು, ಬಿಳಿ ಬಟ್ಟೆ ಹುಡುಕಿದರು.
ಹೊಸಬರು, ಎಳೆಯ ವಯಸ್ಸು, ಕಿವಿ ಕೆಂಪಾಗಿತ್ತು.
ಅವಳ ಎಡಗಣ್ಣು ನನ್ನ ಮೇಲೆಯೇ ಇತ್ತು.

ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ.

ಎಂಜಲು.
ಹೊಗೆಸೊಪ್ಪಿನ ಹಳೆಯ ಘಾಟು, ಮಾತ್ರೆಯ ಕಹಿ,
ಎಲ್ಲೋ ಒಂದಿಷ್ಟು ಗೋಧಿ.
ಆಮೆನ್ ಎಂದದ್ದು ಅವಳ ಅರ್ಧ ಬಾಯಿಯೋ
ನನ್ನ ತುಂಬಿದ ಬಾಯಿಯೋ.
ಹಲ್ಲು ತಾಗಿತೋ ಇಲ್ಲವೋ
ನೋಡಿಕೊಳ್ಳಲಿಲ್ಲ.