ವ್ಯಾಪ್ತಿ ಪ್ರದೇಶದ ಹೊರಗೆ

ಕ್ಷಯ ವಿಭಾಗದ ಗೋಡೆಗೆ ಹೊಸ ಪರದೆ ಬಂದ ದಿನ
ಹಳೆಯ ಕ್ಯಾಲೆಂಡರಿನ ಮೊಳೆಗೇ ಅದರ ವಯರು ಸುತ್ತಿದರು.
ನನ್ನ ಕೆಲಸ ಸಣ್ಣದು: ರಿಜಿಸ್ಟರಿನ ಸಾಲು ಓದಿ
ಕೀಲಿಮಣೆಗೆ ಒಪ್ಪಿಸುವುದು. ಮಿಕ್ಕದ್ದು ಅದೇ ನೋಡಿಕೊಳ್ಳುತ್ತದೆ,
ಕೂಡುತ್ತದೆ, ಕಳೆಯುತ್ತದೆ, ಬಣ್ಣ ಬಳಿಯುತ್ತದೆ,
ಸೋಮವಾರ ಹನ್ನೊಂದರ ಮೀಟಿಂಗಿಗೆ
ಊರನ್ನು ವಾರ್ಡು ವಾರ್ಡಾಗಿ ಬಿಡಿಸಿಡುತ್ತದೆ.

ಕದ್ರಿ ಹಸಿರು. ಬಿಜೈ ಹಸಿರು.
ಹೊಳೆಯಾಚೆ ಬೆಂಗ್ರೆಯ ಮರಳುಪಟ್ಟಿ ಮಾತ್ರ
ಬಿಸಿ ಗಂಜಿಗೆ ಸುಟ್ಟ ನಾಲಗೆ.
ಬೆರಳಿಟ್ಟರೆ ಹೆಸರು ತೆರೆಯುತ್ತದೆ, ಹೆಸರಿನ ಮುಂದೆ
ಒಂದೇ ಮಾತು: ಚಿಕಿತ್ಸೆ ಬಿಟ್ಟವರು.

ಹನ್ನೊಂದು ಮಂದಿ. ಹನ್ನೊಂದು ಸಲ ಫೋನು ಮಾಡಿದೆ.
ಆ ಹೆಂಗಸಿನ ದಣಿಯದ ಕನ್ನಡ:
ನೀವು ಕರೆ ಮಾಡಿದ ಚಂದಾದಾರರು
ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.
ಇದ್ದಾರೆ ಎಂದಳಲ್ಲ! ಆದರೆ
ಬರೀ ಇರುವುದಕ್ಕೆ ನನ್ನ ಪಟ್ಟಿಯಲ್ಲಿ ಖಾನೆಯಿಲ್ಲ.

ಮೀಟಿಂಗಿನಲ್ಲಿ ಡಾಕ್ಟರ್ ಅರುಂಧತಿ ಬಾಳಿಗರು
ಕೆಂಪಿನ ಮೇಲೆ ಪೆನ್ನು ಕುಟ್ಟಿದರು.
ಆಶಾ ಕಾರ್ಯಕರ್ತೆ ಮೈಮೂನಾಳಿಗೆ ನೋಟಿಸು.
"ದೋಣಿ ದಾಟಿ ಮನೆ ಮನೆಗೆ ಹೋಗಿದ್ದೇನೆ ಮೇಡಂ,
ಬಾಗಿಲಲ್ಲಿ ಅವರ ಚಪ್ಪಲಿಯೇ ಇಲ್ಲ."
ಚಪ್ಪಲಿಯನ್ನೂ ಯಾರೂ ಬರೆದುಕೊಳ್ಳಲಿಲ್ಲ.

ಗುರುವಾರ ದೂಮಪ್ಪ ಸಾಲ್ಯಾನ್ ಬಂದ.
ಐಸಿನ, ಡೀಸೆಲಿನ ವಾಸನೆ; ಕೈಯಲ್ಲಿ ಖಾಲಿ ಮಾತ್ರೆಪಟ್ಟಿ.
ಹನ್ನೆರಡು ದಿನ ಕಡಲು, ಏಳು ದಿನದ ಮಾತ್ರೆ.
"ಮೊದಲು ಸಿಸ್ಟರ್ ಹೆನ್ರಿಟಾ ಹದಿನೈದು ದಿನದ್ದು ಕೊಡ್ತಿದ್ರು.
ಅವರೆಲ್ಲಿ?" ಪುತ್ತೂರಿಗೆ ವರ್ಗವಾಯಿತು ಎಂದೆ.
ತಲೆಯೆತ್ತಿದ. ಪರದೆಯಲ್ಲಿ ತನ್ನ ಊರು ನೋಡಿದ.

"ಇದೆಂತ, ನಮ್ಮ ಬೋಟಿನ ಫಿಶ್ ಫೈಂಡರಿನ ಹಾಗೆ ಉಂಟಲ್ಲ!
ಕೆಂಪು ಕಂಡ ಕೂಡಲೇ ಹೊಸಬ ಬಲೆ ಬಿಡ್ತಾನೆ ಮಾರಾಯಾ.
ಒಮ್ಮೊಮ್ಮೆ ಮೀನು. ಒಮ್ಮೊಮ್ಮೆ ಕಲ್ಲು.
ಹರಿದ ಜಾಗವನ್ನು ನಾವು ಗುರುತು ಹಾಕ್ತೇವೆ,
ವಯರ್‌ಲೆಸ್ಸಿನಲ್ಲಿ ಬೇರೆ ಬೋಟಿಗೂ ಹೇಳ್ತೇವೆ,
ಆ ತಂಡೇಲ ನಮ್ಮೊಟ್ಟಿಗೆ ಮಾತು ಬಿಟ್ಟವನಾದರೂ."
ಕೆಮ್ಮಿದ. ಕರವಸ್ತ್ರ ಮಡಚಿ ಕಿಸೆಗಿಟ್ಟ.
"ನಿಮ್ಮಲ್ಲಿ ಬಲೆ ಹರಿದರೆ ಯಾರಿಗೆ ಹೇಳ್ತೀರಿ?"

ಸಂಜೆ ಹಳೆಯ ರಿಜಿಸ್ಟರು ತೆಗೆದೆ.
ಅಂಚಿನಲ್ಲಿ ಹೆನ್ರಿಟಾರ ಪೆನ್ಸಿಲು, ಇರುವೆ ಸಾಲಿನಂತೆ:
ಬೋಟು. ಬೋಟು. ಅಮಾವಾಸ್ಯೆಗೆ ಬರುತ್ತಾನೆ.
ಇವನ ಹೆಂಡತಿ ಬಂದರೆ ಅವಳ ಕೈಗೆ ಕೊಡಿ.
ಎರಡು ವರ್ಷ ನಾನು ಶಾಯಿಯನ್ನಷ್ಟೇ ಟೈಪು ಮಾಡಿದ್ದೆ.

ಹೊಸ ಖಾನೆಗೆ ಮೇಲಿನವರ ಅನುಮತಿ ಬೇಕಂತೆ.
ಬಾಳಿಗರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
"ವಿಳಾಸದಲ್ಲೇ ಬರೆಯಿರಿ" ಎಂದರು.
ಹಾಗೆ ನಮ್ಮ ದಾಖಲೆಯಲ್ಲಿ ಈಗ ಕೆಲವರ ವಿಳಾಸ:
ಬೆಂಗ್ರೆ, ಬೋಟು, ಹನ್ನೆರಡು ದಿನ.
ಹದಿನೈದು ಮಾತ್ರೆ, ಮುಚ್ಚಳದ ಡಬ್ಬಿ.
ಮೈಮೂನಾಳ ನೋಟಿಸು ಹಿಂದೆ ಬಂತು,
ಕ್ಷಮೆ ಅದರ ಜೊತೆಗೆ ಬರಲಿಲ್ಲ.

ಎಂಟು ಮಂದಿ ದಕ್ಕೆಗೆ ಇಳಿದು ನೆಟ್ಟಗೆ ಇಲ್ಲಿಗೇ ಬಂದರು.
ಇಬ್ಬರು ಇನ್ನೂ ನೀರಿನ ಮೇಲೆ.
ಹನ್ನೊಂದನೆಯವನು ದುರ್ಯೋಧನ ಬೆಹೆರಾ,
ಒಡಿಶಾದಿಂದ ಬಲೆ ಎಳೆಯಲು ಬಂದ ಹುಡುಗ.
ಮೇ ತಿಂಗಳಿಂದ ಅವನು ಯಾವ ಬೋಟೂ ಹತ್ತಿಲ್ಲವಂತೆ.

ಹತ್ತು ಸುಳ್ಳು ಕೆಂಪಿನ ನಡುವೆ
ಒಂದು ನಿಜದ ಕೆಂಪು ನಮ್ಮ ಕಣ್ಣೆದುರೇ ಕೂತಿತ್ತು.

ಮಾರ್ಚಿಗೆ ನನ್ನ ಗುತ್ತಿಗೆ ಮುಗಿಯುತ್ತದೆ.
ಪರದೆಯ ಅಂಚಿಗೊಂದು ಚೀಟಿ ಅಂಟಿಸಿದ್ದೇನೆ,
ಬರುವವರಿಗೆ, ಪೆನ್ಸಿಲಿನಲ್ಲಿ.
ಅವನ ನಂಬರಿಗೆ ಇವತ್ತೂ ಹಚ್ಚಿದೆ.
ಅದೇ ಹೆಂಗಸು, ಅದೇ ಸಮಾಧಾನ, ಮಾತು ಮಾತ್ರ ಬೇರೆ:
ಈ ಸಂಖ್ಯೆ ಚಾಲ್ತಿಯಲ್ಲಿಲ್ಲ.