ಕೋವಿಗೆ ಅಳತೆ

ಜಾಕೀಟು ಸರಿಯಿಲ್ಲ ಅಂತ ಬಂದಳು,
ಬಲ ಭುಜಕ್ಕೆ ಇನ್ನೊಂದು ಪದರ ಚರ್ಮ ಬೇಕಂತೆ.
ಕಂಕನಾಡಿ ಮಾರ್ಕೆಟ್ಟಿನ ಹಿಂದೆ, ಮಹಡಿಯ ಮೇಲೆ, ನನ್ನ ಅಂಗಡಿ:
ಒಂದು ಮಿಷನು, ಒಂದು ಕನ್ನಡಿ, ಮೂವತ್ತೊಂದು ವರ್ಷ.
ತೋಳೆತ್ತು ಅಂದೆ. ರಟ್ಟೆಯ ಮೇಲೆ
ನೇರಳೆಹಣ್ಣು ಜಜ್ಜಿದ ಹಾಗೊಂದು ಗುರುತು,
ಕೆನ್ನೆಯ ಎಲುಬಿನ ಮೇಲೆ ಇನ್ನೊಂದು.
ಯಾರು ಹೊಡೆದದ್ದು ಅಂತ ನಾನು ಕೇಳಲಿಲ್ಲ.
ಅವಳೇ ಹೇಳಿದಳು: ಕೋವಿ.

ಜೆನೆವಿವ್ ಲಸ್ರಾದೊ, ಕುಲಶೇಖರದವಳು.
ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಆಟ.
ಇಪ್ಪತ್ತೈದಕ್ಕೆ ಒಂಬತ್ತು. ಹೋದ ವಾರ ಏಳು.
"ಎತ್ತುವಾಗ ಬಟ್ಟೆಗೆ ಸಿಕ್ಕಿಕೊಳ್ತದೆ, ಅಂಕಲ್."
ಕೋವಿ ಯಾರದ್ದು ಮಗಾ?
ಬಾಪ್ಪುವಿನದ್ದು. ಪಾವ್ಲು ಬಾಪ್ಪು.

ಪಾವ್ಲು! ಅವರಿಗೆ ಎರಡು ಸೂಟು ಹೊಲಿದ ಕೈ ಇದು.
ಕೊಕ್ಕರೆಯ ಕುತ್ತಿಗೆ, ತೋಳು ಇಪ್ಪತ್ತಾರೂವರೆ ಇಂಚು,
ಕಾಲರು ಎಷ್ಟು ಎತ್ತರಿಸಿದರೂ
ಮೇಲೆ ಇನ್ನೊಂದು ಕುತ್ತಿಗೆ ಉಳಿಯುತ್ತಿತ್ತು.
ಈಗ ಬೆಂದೂರಿನ ಮಣ್ಣಲ್ಲಿ ಮಲಗಿದ್ದಾರೆ.
ಅವರ ಮೈಗೆ ಕಡೆದ ಮರ ಅದು;
ಹೋದವರ ಕೋಟು ತೊಟ್ಟು ಓಟಕ್ಕೆ ನಿಂತ ಹಾಗೆ
ಈ ಗಿಡ್ಡ ಹುಡುಗಿ.

ಜಾಕೀಟು ಬದಿಗಿಟ್ಟೆ. ಟೇಪು ಹಿಡಿದೆ:
ಮಡಚಿದ ಮೊಣಕೈಯಿಂದ ತೋರುಬೆರಳಿಗೆ,
ಕೆನ್ನೆಯ ಎಲುಬಿನಿಂದ ಕಣ್ಣಪಾಪೆಗೆ.
ಚೀಟಿ ಬರೆದೆ. ದಾಮು ಆಚಾರಿ ಹಿಡಿಯ ಹಿಂದಿನಿಂದ
ಒಂದು ಹೆಬ್ಬೆರಳಗಲ ಕೊಯ್ದು ಕೊಟ್ಟ.
ಕೆನ್ನೆ ಕೂರುವಲ್ಲಿ ಮರ ತಗ್ಗು:
ಊರಿದರೆ ಬರೀ ಕಬ್ಬಿಣ ಕಾಣುತ್ತದೆ,
ತಲೆ ಎತ್ತಿದರೆ ಬಿಲ್ಲೆ ಕಾಣುತ್ತದೆ,
ಗುಂಡು ಬಿಲ್ಲೆಯ ಮೇಲಿಂದ ಹಾರಿ ಹೋಗುತ್ತದೆ.
ಅಲ್ಲಿಗೆ ನಾನೇ ಹಾಕಿದೆ, ಕೋಟಿನ ಭುಜಕ್ಕೆ ತುಂಬುವ ಫೆಲ್ಟು,
ಎರಡು ಪದರ, ಮೇಲೆ ಅವಳು ತಂದ ಚರ್ಮ.
"ಶೆಟ್ಟಿಗಾರ್ರು ಕೋವಿಗೂ ಅಂಗಿ ಹೊಲಿದರು ಮಾರಾಯ್ರೆ,"
ಆಚಾರಿ ಮಾರ್ಕೆಟ್ಟಿಡೀ ಸಾರಿದ.

ಹದಿನೈದು ದಿನ ಬಿಟ್ಟು ಬಂದಳು. ಕೆನ್ನೆ ಮಾಸಿತ್ತು.
ಹದಿನಾಲ್ಕು. ಆದರೆ ತಪ್ಪಿದ್ದೆಲ್ಲ ಎಡಕ್ಕೆ, ಎಡಕ್ಕೇ.
ನನಗೆ ತಲೆಬುಡ ತಿಳಿಯಲಿಲ್ಲ. ಚಾ ತರಿಸಿದೆ.
ಪೊರೆ ಬಂದ ಕಣ್ಣು ನನ್ನದು, ಮೋಡದ ಸಂಜೆ ಬೇರೆ;
ಸೂಜಿಗೊಂದು ನೂಲು ಹಾಕಿ ಕೊಡು ಅಂದೆ.
ನೂಲು ಬಲಗೈಯಲ್ಲಿ. ಸೂಜಿ ಎತ್ತಿ ಹಿಡಿದಳು,
ಎಡಗಣ್ಣಿಗೆ.
ಇನ್ನೊಂದು ಸೂಜಿ ಕೊಟ್ಟೆ. ಮತ್ತೆ ಎಡಗಣ್ಣು.

ಹಾಗಾದರೆ ಇಲ್ಲಿ ಉಂಟು ಸಂಗತಿ!
ಕೋವಿ ಬಲ ಭುಜದಲ್ಲಿ, ಯಜಮಾನಿಕೆ ಎಡಗಣ್ಣಿನದ್ದು;
ನಳಿಗೆಯ ತುದಿಯ ಮಣಿಯನ್ನು
ಪಕ್ಕದ ಮನೆಯ ಕಿಟಕಿಯಿಂದ ಇಣುಕಿದ ಹಾಗೆ.
ಕನ್ನಡಕದ ಎಡಗಾಜಿಗೆ, ಅಂಗಿಗುಂಡಿಯಷ್ಟಗಲ,
ಮಸುಕು ಟೇಪಿನ ಒಂದು ಚೂರು ಅಂಟಿಸಿದೆ.

ಭಾನುವಾರ ಅಂಗಡಿ ಮುಚ್ಚಿ ನಾನೂ ಹೋದೆ, ಕೂಳೂರಿನಾಚೆ,
ಹೊಳೆಬದಿಯ ಮುಚ್ಚಿದ ಹಂಚಿನ ಕಾರ್ಖಾನೆಯ ಬಯಲಿಗೆ.
ಚಿಮಣಿಯ ಬಿರುಕಲ್ಲಿ ಅಶ್ವತ್ಥ ಚಿಗುರಿತ್ತು.
ಮಣ್ಣಿನ ಹಕ್ಕಿ ಅಂತಾರೆ ಬಿಲ್ಲೆಯನ್ನು;
ಒಂದು ಚೂರು ಹೆಕ್ಕಿ ಮೂಸಿದೆ. ಡಾಂಬರು, ಸುಣ್ಣಕಲ್ಲಿನ ಪುಡಿ,
ಕಿತ್ತಳೆ ಬಣ್ಣ. ಮಣ್ಣೇ ಇಲ್ಲ.
ಹಂಚಿನ ಊರಿಗೆ ಬಂದು ಎಂಥ ಸುಳ್ಳು!

ಕಲಿಸುವವರು ಹಳೇ ಸುಬೇದಾರರು, ಬೊಬ್ಬೆ ಹೊಡೆಯುತ್ತಿದ್ದರು:
"ಮಣಿ ನೋಡ್ಬೇಡ! ನೀನು ಮಣಿ ನೋಡಿದ್ರೆ
ಕೋವಿ ನಿಲ್ತದೆ, ಬಿಲ್ಲೆ ನಿಲ್ಲುದಿಲ್ಲ!"
ಇದು ನನಗೆ ಹೊಸತಲ್ಲ.
ಸೂಜಿ ನೋಡುತ್ತ ಹೊಲಿಯುವವ ಗೆರೆ ತಪ್ಪುತ್ತಾನೆ;
ಕಣ್ಣು ಇರಬೇಕಾದ್ದು ಮುಂದಿನ ಚಾಕಿನ ಗುರುತಲ್ಲಿ,
ಸೂಜಿ ಅದರಷ್ಟಕ್ಕೆ ಬರುತ್ತದೆ,
ಅಳತೆ ಸರಿಯಿದ್ದರೆ.

"ಪುಲ್" ಅಂದಳು.
ಬಿಲ್ಲೆ ಎತ್ತ ಹಾರಿತೋ, ನನ್ನ ಕಣ್ಣಿಗೆ ಎಲ್ಲ ಮಂಜು.
ಸದ್ದು ಮಾತ್ರ ಕೇಳಿತು,
ಹೊಳೆಯಾಚೆ ಬೆಳ್ಳಕ್ಕಿಗಳು ಎದ್ದು ಕೂತವು.
ಬಿತ್ತಾ ಅಂತ ಯಾರನ್ನೂ ಕೇಳಲಿಲ್ಲ.
ನಾನು ನೋಡುತ್ತಿದ್ದದ್ದು ಹಿಂದಿನಿಂದ, ಅವಳ ಭುಜದ ಹೊಲಿಗೆಯನ್ನು:
ಕೋವಿ ಏರಿತು, ಕೆನ್ನೆ ಕೂತಿತು,
ಜಾಕೀಟಿನಲ್ಲಿ ಒಂದು ಸುಕ್ಕೂ ಬೀಳಲಿಲ್ಲ.